ಟೇಕ್ವಾಂಡೊ ಯಾರ ಸ್ವತ್ತು?

ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಟೇಕ್ವಾಂಡೊವನ್ನು ಸೇರಿಸಬೇಕೆಂದು ಉತ್ತರ ಕೊರಿಯಾ 2024ರಲ್ಲಿ ಏಕಾಂಗಿಯಾಗಿ ಅರ್ಜಿ ಸಲ್ಲಿಸಿದಾಗ ಸೋಲ್ ನಗರದಲ್ಲಿ ಎದ್ದ ಕಳವಳ ಸಣ್ಣದಾಗಿರಲಿಲ್ಲ. ಈ ಕಲೆಯನ್ನು 2018ರಲ್ಲಿ ಶಾಸನದ ಮೂಲಕವೇ ತನ್ನ ರಾಷ್ಟ್ರೀಯ ಸಮರಕಲೆಯೆಂದು ಘೋಷಿಸಿಕೊಂಡ ದೇಶ ದಕ್ಷಿಣ ಕೊರಿಯಾ. ಅದನ್ನು ಒಲಿಂಪಿಕ್ಸ್ ಅಂಗಳಕ್ಕೆ ಒಯ್ದದ್ದೂ, ಇನ್ನೂರಕ್ಕೂ ಹೆಚ್ಚು ದೇಶ-ಪ್ರದೇಶಗಳಿಗೆ ಹರಡಿದ್ದೂ ಅದೇ. ಆದರೆ ಪರಂಪರೆಯ ಸಾಲಿನಲ್ಲಿ ಮೊದಲು ಹೋಗಿ ನಿಂತದ್ದು ಪ್ಯೊಂಗ್ಯಾಂಗ್. ಮನೆ ಕಟ್ಟಿದವನೊಬ್ಬ, ಖಾತೆ ಮಾಡಿಸಿಕೊಳ್ಳಲು ಹೊರಟವನು ಇನ್ನೊಬ್ಬ ಎಂಬಂತಾಯಿತು.

ಯುನೆಸ್ಕೊದ ಪಟ್ಟಿ ಯಾರಿಗೂ ಒಡೆತನದ ಹಕ್ಕುಪತ್ರ ನೀಡುವುದಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಅರಿರಾಂಗ್ ಜಾನಪದ ಗೀತೆ 2012ರಲ್ಲಿ ದಕ್ಷಿಣದ ಹೆಸರಿನಲ್ಲೂ 2014ರಲ್ಲಿ ಉತ್ತರದ ಹೆಸರಿನಲ್ಲೂ ಪಟ್ಟಿ ಸೇರಿತು. ಕಿಮ್ಚಿ ಉಪ್ಪಿನಕಾಯಿ ಹಾಕುವ ಸಂಪ್ರದಾಯಕ್ಕೂ 2013 ಮತ್ತು 2015ರಲ್ಲಿ ಹೀಗೆಯೇ ಪ್ರತ್ಯೇಕ ಮಾನ್ಯತೆ ದೊರೆಯಿತು. 2018ರಲ್ಲಿ ಮಾತ್ರ ಸಿರಮ್ ಕುಸ್ತಿಯನ್ನು ಎರಡೂ ಕೊರಿಯಾಗಳು ಜಂಟಿಯಾಗಿ ದಾಖಲಿಸಿದವು. ಅದು ಉಭಯ ದೇಶಗಳ ನಾಯಕರು ಗಡಿಯಲ್ಲಿ ಕೈಕುಲುಕಿದ ವರ್ಷ. 2023ರ ಅಂತ್ಯಕ್ಕೆ ಕಿಮ್ ಜಾಂಗ್ ಉನ್ ದಕ್ಷಿಣವನ್ನು ವೈರಿ ರಾಷ್ಟ್ರವೆಂದು ಕರೆದು, ಏಕೀಕರಣದ ಮಾತನ್ನೇ ಕೈಬಿಟ್ಟರು. ಅದಾದ ಕೆಲವೇ ತಿಂಗಳಲ್ಲಿ ಟೇಕ್ವಾಂಡೊ ಅರ್ಜಿ ಹೊರಟಿತು. ಅರ್ಜಿಯ ಫಲ ಏನೇ ಇರಲಿ, ಅದರ ಸಮಯವೇ ಒಂದು ಹೇಳಿಕೆ.

ಈ ಪೈಪೋಟಿಯಲ್ಲಿ ಇತಿಹಾಸವು ಎರಡೂ ಬಣಗಳಿಗೆ ಪೂರ್ತಿ ಒಲಿಯುವುದಿಲ್ಲ. ಟೇಕ್ವಾಂಡೊ ಎರಡು ಸಾವಿರ ವರ್ಷಗಳಷ್ಟು ಹಳೆಯದು, ಶಿಲ್ಲಾ ರಾಜ್ಯದ ಹ್ವರಾಂಗ್ ಯೋಧರಿಂದ ಬಂದದ್ದು ಎಂದು ಪ್ರಚಾರ ಪುಸ್ತಿಕೆಗಳು ಸಾರುತ್ತ ಬಂದಿವೆ. ದಾಖಲೆಗಳು ಹೇಳುವ ಕಥೆ ಬೇರೆ. ಜಪಾನಿನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಹಾಗೂ 1945ರ ವಿಮೋಚನೆಯ ಆಸುಪಾಸಿನಲ್ಲಿ ಸೋಲ್ ಮತ್ತಿತರೆಡೆ ತಲೆಯೆತ್ತಿದ ಚುಂಗ್ ಡೊ ಕ್ವಾನ್, ಜಿ ಡೊ ಕ್ವಾನ್, ಮೂ ಡುಕ್ ಕ್ವಾನ್ ಮೊದಲಾದ ಗರಡಿಗಳ ಸ್ಥಾಪಕರಲ್ಲಿ ಹೆಚ್ಚಿನವರು ಕಲಿತದ್ದು ಜಪಾನಿನ ಕರಾಟೆ. ಆರಂಭದಲ್ಲಿ ಅವರು ಕಲಿಸಿದ ವರಸೆಗಳೂ ಕರಾಟೆಯ ವರಸೆಗಳೇ, ಹೆಸರಷ್ಟೇ ಕೊರಿಯನ್ ಉಚ್ಚಾರಕ್ಕೆ ಹೊರಳಿತ್ತು. ವಸಾಹತು ಆಳ್ವಿಕೆಯ ಗಾಯ ಇನ್ನೂ ಹಸಿಯಾಗಿದ್ದ ದೇಶಕ್ಕೆ ಈ ಸತ್ಯ ಸಹನೀಯವಾಗಿರಲಿಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳಬಹುದು.

ಹೆಸರಿನ ಕಥೆಯೂ ಸ್ವಾರಸ್ಯಕರ. 1950ರ ದಶಕದ ಆರಂಭದಲ್ಲಿ ಅಧ್ಯಕ್ಷ ಸಿಂಗ್‌ಮನ್ ರೀ ಅವರ ಮುಂದೆ ಸೈನಿಕರು ಹೆಂಚುಗಳನ್ನು ಮುಷ್ಟಿಯಿಂದ ಒಡೆದು ತೋರಿಸಿದಾಗ, ಅಧ್ಯಕ್ಷರು ಅದನ್ನು ಕೊರಿಯಾದ ಹಳೆಯ ಕಾಲಾಟವಾದ ಟೆಕ್ಯೊನ್ ಎಂದೇ ಭಾವಿಸಿದರಂತೆ. ಸೇನಾಧಿಕಾರಿ ಚೊಯ್ ಹಾಂಗ್ ಹಿ ಅವರಿಗೆ ಇಷ್ಟೇ ಸುಳಿವು ಸಾಕಾಯಿತು. ಅದೇ ಧ್ವನಿಯನ್ನು ಹೋಲುವ, ಕಾಲು-ಕೈಗಳ ಮಾರ್ಗ ಎಂಬ ಅರ್ಥದ ಹೊಸ ಪದ 1955ರಲ್ಲಿ ರೂಢಿಗೆ ಬಂತು. ಹೆಸರಿಗೆ ಸಾಲ ಕೊಟ್ಟ ಟೆಕ್ಯೊನ್ ಮಾತ್ರ 2011ರಲ್ಲಿಯೇ ಯುನೆಸ್ಕೊ ಪಟ್ಟಿಯಲ್ಲಿ ಸದ್ದಿಲ್ಲದೆ ಸ್ಥಾನ ಪಡೆದಿದೆ.

ಚೊಯ್ ಅವರ ಬದುಕೇ ಇಂದಿನ ತಕರಾರಿನ ಮೂಲ. ಇಂದಿನ ಉತ್ತರ ಕೊರಿಯಾದ ಭೂಭಾಗದಲ್ಲಿ 1918ರಲ್ಲಿ ಹುಟ್ಟಿ, ಜಪಾನಿನಲ್ಲಿ ಕರಾಟೆ ಕಲಿತು, ದಕ್ಷಿಣದ ಸೇನೆಯಲ್ಲಿ ಜನರಲ್ ಪದವಿಗೇರಿದವರು ಅವರು. 1966ರಲ್ಲಿ ಸೋಲ್‌ನಲ್ಲಿ ಅಂತರರಾಷ್ಟ್ರೀಯ ಟೇಕ್ವಾಂಡೊ ಒಕ್ಕೂಟವನ್ನು ಸ್ಥಾಪಿಸಿದರು. ಸೇನಾ ದಂಗೆಯಿಂದ ಅಧಿಕಾರಕ್ಕೆ ಬಂದಿದ್ದ ಪಾರ್ಕ್ ಚುಂಗ್ ಹೀ ಅವರೊಂದಿಗೆ ವಿರಸ ಬೆಳೆದು 1972ರಲ್ಲಿ ಕೆನಡಾಕ್ಕೆ ತೆರಳಿದರು. ಅದೇ ವರ್ಷದ ಕೊನೆಯಲ್ಲಿ ಸೋಲ್‌ನಲ್ಲಿ ಕುಕ್ಕಿವಾನ್ ಕೇಂದ್ರ ತೆರೆಯಿತು. ಮರುವರ್ಷ ಕಿಮ್ ಉನ್ ಯಾಂಗ್ ಅವರ ನೇತೃತ್ವದಲ್ಲಿ ವಿಶ್ವ ಟೇಕ್ವಾಂಡೊ ಒಕ್ಕೂಟ ಹುಟ್ಟಿತು. ಚೊಯ್ 1980ರಲ್ಲಿ ತಮ್ಮ ಶಿಷ್ಯರ ತಂಡದೊಂದಿಗೆ ಉತ್ತರ ಕೊರಿಯಾಕ್ಕೆ ಕಾಲಿಟ್ಟರು. ದಕ್ಷಿಣದ ಕಣ್ಣಿನಲ್ಲಿ ಅದು ದ್ರೋಹ. ಉತ್ತರಕ್ಕೆ ಅದು ಅನಾಯಾಸವಾಗಿ ಸಿಕ್ಕ ಸಂಪತ್ತು. ಅವರು 2002ರಲ್ಲಿ ಪ್ಯೊಂಗ್ಯಾಂಗ್‌ನಲ್ಲಿ ನಿಧನರಾದರು. ಅವರ ಒಕ್ಕೂಟ ಆ ಬಳಿಕ ಮೂರು ಹೋಳಾಯಿತು. ಉತ್ತರ ಕೊರಿಯಾದ ಒಲಿಂಪಿಕ್ ಪ್ರತಿನಿಧಿಯದೊಂದು, ಚೊಯ್ ಪುತ್ರನದೊಂದು, ವಿಯೆಟ್ನಾಂ ಮೂಲದ ಕೆನಡಾ ಪ್ರಜೆ ಟ್ರಾನ್ ಟ್ರಿಯು ಕ್ವಾನ್ ಅವರದು ಮತ್ತೊಂದು. ಮೂರೂ ಬಣಗಳು ಒಂದೇ ಹೆಸರನ್ನು ಹಿಡಿದುಕೊಂಡವು.

ರಾಜಕಾರಣ ವರಸೆಗಳೊಳಗೂ ನುಸುಳಿದ ರೀತಿ ಗಮನಾರ್ಹ. ಚೊಯ್ ರೂಪಿಸಿದ 24 ವರಸೆಗಳು ದಿನದ 24 ಗಂಟೆಗಳ ಸಂಕೇತ. ಅವುಗಳಲ್ಲಿ ಹಲವಕ್ಕೆ ಕೊರಿಯಾದ ಇತಿಹಾಸಪುರುಷರ ಹೆಸರುಗಳಿವೆ. ಅವುಗಳ ಪೈಕಿ ಕೊಡಾಂಗ್ ಎಂಬುದು ಉತ್ತರದಲ್ಲಿ ಕಮ್ಯುನಿಸ್ಟರನ್ನು ಎದುರಿಸಿ ನಿಂತ ರಾಷ್ಟ್ರವಾದಿ ಚೊ ಮನ್ ಸಿಕ್ ಅವರ ಕಾವ್ಯನಾಮ. 1980ರ ದಶಕದಲ್ಲಿ ಆ ವರಸೆ ಮಾಯವಾಗಿ ಅದರ ಜಾಗದಲ್ಲಿ ಉತ್ತರ ಕೊರಿಯಾದ ಅಧಿಕೃತ ಸಿದ್ಧಾಂತದ ಹೆಸರಾದ ಜೂಚೆ ಬಂದಿತು. ಎಲ್ಲೋ ಒಂದು ಊರಿನ ಗರಡಿಯಲ್ಲಿ ಹದಿಹರೆಯದ ವಿದ್ಯಾರ್ಥಿಯೊಬ್ಬ ಈ ಹೆಸರನ್ನು ಬಾಯಿಪಾಠ ಮಾಡಿ ಪರೀಕ್ಷೆಗೆ ಕೂರುವಾಗ, ತಾನು ಯಾವ ಜಗಳದ ಪದವನ್ನು ಉಚ್ಚರಿಸುತ್ತಿದ್ದೇನೆಂಬುದು ಅವನಿಗೆ ತಿಳಿದಿರುವುದಿಲ್ಲ. ದಕ್ಷಿಣದ ಕೈಯೂ ಶುದ್ಧವೇನಲ್ಲ. 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧಭೂಮಿಗೆ ಕೊರಿಯನ್ ಬೋಧಕರು ಹೋದದ್ದು ಸೈನಿಕರಿಗೆ ಕೊಲ್ಲುವ ವಿದ್ಯೆಯನ್ನು ಕಲಿಸಲಿಕ್ಕೆ. ಟೇಕ್ವಾಂಡೊವನ್ನು ಒಲಿಂಪಿಕ್ಸ್‌ಗೆ ಸೇರಿಸಿದ ಶಿಲ್ಪಿ ಎನಿಸಿದ ಕಿಮ್ ಉನ್ ಯಾಂಗ್ 2004ರಲ್ಲಿ ಹಣ ದುರುಪಯೋಗದ ಪ್ರಕರಣದಲ್ಲಿ ಜೈಲು ಶಿಕ್ಷೆಗೆ ಗುರಿಯಾದರು.

ಹಾಗೆಂದು ಈ ಕಲೆ ಬರಿಯ ರಾಜಕೀಯ ಸೃಷ್ಟಿ ಎಂದು ತಳ್ಳಿಹಾಕುವಂತಿಲ್ಲ. ಕರಾಟೆಯ ಕೈಪ್ರಧಾನ ವರಸೆಯಿಂದ ಹೊರಟ ಈ ವಿದ್ಯೆ ಮೂರು ದಶಕಗಳಲ್ಲಿ ಕಾಲಿನ ಕಲೆಯಾಗಿ ರೂಪಾಂತರಗೊಂಡದ್ದು ಸೋಲ್‌ನ ಕ್ರೀಡಾಂಗಣಗಳಲ್ಲಿ, ಪೂರ್ಣ ಬಲದ ಒದೆತಕ್ಕೆ ಅವಕಾಶ ಕೊಟ್ಟ ಸ್ಪರ್ಧೆಗಳಲ್ಲಿ. ಸುಳಿ ತಿರುಗಿ ತಲೆಯೆತ್ತರಕ್ಕೆ ಒದೆಯುವ ಇಂದಿನ ಟೇಕ್ವಾಂಡೊ ಯಾವ ಪುರಾತನ ಯೋಧನಿಂದಲೂ ಬಂದದ್ದಲ್ಲ. ಪೈಪೋಟಿಗಿಳಿದ ಕೊರಿಯನ್ ಯುವಕರು ಬೆವರು ಸುರಿಸಿ ಕಂಡುಕೊಂಡದ್ದು. ಎರಡು ಸಾವಿರ ವರ್ಷಗಳ ಕಟ್ಟುಕಥೆಗಿಂತ ಈ ಎಪ್ಪತ್ತು ವರ್ಷಗಳ ನಿಜಕಥೆಯೇ ಹೆಚ್ಚು ಹೆಮ್ಮೆಯದು.

ಇಷ್ಟಾಗಿಯೂ ದಕ್ಷಿಣ ಕೊರಿಯಾದ ಟೇಕ್ವಾಂಡೊಗೆ ನಿಜವಾದ ಆತಂಕ ಎದುರಾಗಿರುವುದು ಪ್ಯೊಂಗ್ಯಾಂಗ್‌ನಿಂದಲ್ಲ, ಖಾಲಿಯಾಗುತ್ತಿರುವ ತೊಟ್ಟಿಲುಗಳಿಂದ. ಅಲ್ಲಿನ ಯಾವುದೇ ವಸತಿ ಬಡಾವಣೆಯಲ್ಲಿ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಹಳದಿ ಬಣ್ಣದ ವ್ಯಾನುಗಳು ಬಂದು ನಿಲ್ಲುತ್ತವೆ. ತಂದೆತಾಯಿ ಇಬ್ಬರೂ ದುಡಿಯುವ ಮನೆಯ ಮಕ್ಕಳನ್ನು ಹತ್ತಿಸಿಕೊಂಡು ಹೋಗುವುದು ಟೇಕ್ವಾಂಡೊ ಗರಡಿಯ, ಅವರ ಭಾಷೆಯಲ್ಲಿ ದೊಜಾಂಗ್‌ನ, ಯಜಮಾನ. ಹಲವೆಡೆ ವ್ಯಾನು ಓಡಿಸುವವನೂ ಅವನೇ. ಅಲ್ಲಿ ಒದೆತ, ತಡೆಗಳ ಜೊತೆಗೆ ಹಗ್ಗದಾಟ, ಹಿರಿಯರಿಗೆ ನಮಸ್ಕರಿಸುವ ಪಾಠ, ಹುಟ್ಟುಹಬ್ಬದ ಕೂಟ ಎಲ್ಲವೂ ನಡೆಯುತ್ತವೆ. ಒಂದರ್ಥದಲ್ಲಿ ದೊಜಾಂಗ್ ಎಂಬುದು ಆ ಸಮಾಜದ ಅಘೋಷಿತ ಶಿಶುಪಾಲನಾ ಕೇಂದ್ರ. ಹದಿಮೂರು-ಹದಿನಾಲ್ಕು ತುಂಬುವ ಹೊತ್ತಿಗೆ ಓದಿನ ಒತ್ತಡ ಹೆಚ್ಚಿ, ಟ್ಯೂಷನ್ ಕೇಂದ್ರಗಳು ಈ ಮಕ್ಕಳನ್ನು ಸೆಳೆದುಕೊಳ್ಳುತ್ತವೆ. ಗರಡಿ ಮತ್ತೆ ಚಿಕ್ಕವರನ್ನು ಹುಡುಕಬೇಕು. ಆದರೆ ಚಿಕ್ಕವರೇ ಇಲ್ಲ. 2015ರಲ್ಲಿ ಅಲ್ಲಿ ಹುಟ್ಟಿದ ಶಿಶುಗಳು ಸುಮಾರು 4.38 ಲಕ್ಷ, 2023ರಲ್ಲಿ 2.3 ಲಕ್ಷ. ಒಬ್ಬ ಮಹಿಳೆಗೆ ಸರಾಸರಿ 0.72 ಮಗು ಎಂಬ ಆ ವರ್ಷದ ಪ್ರಮಾಣ 2024ರಲ್ಲಿ 0.75ಕ್ಕೆ ಏರಿದ್ದನ್ನೇ ಸುದ್ದಿ ಮಾಡಲಾಯಿತು. 2023ರಲ್ಲಿ ಹುಟ್ಟಿದ ಮಕ್ಕಳು 2030ರ ವೇಳೆಗೆ ದೊಜಾಂಗ್‌ನ ಬಾಗಿಲಿಗೆ ಬರಬೇಕಾದವರು. ಅಂದರೆ ಗುರುಗಳ ಆದಾಯದ ಅರ್ಧದಷ್ಟು ಈಗಾಗಲೇ ಕರಗಿಹೋಗಿದೆ, ಅದರ ಲೆಕ್ಕ ಮಾತ್ರ ಇನ್ನೂ ಕೈಗೆ ಬಂದಿಲ್ಲ.

ಈ ಒತ್ತಡ ಬೋಧನೆಯ ಮೇಲೆ ನೇರವಾಗಿ ಬೀಳುತ್ತದೆ. ವಿದ್ಯಾರ್ಥಿಯನ್ನು ಉಳಿಸಿಕೊಳ್ಳಬೇಕಾದ ಗುರು ಅವನನ್ನು ಅನುತ್ತೀರ್ಣಗೊಳಿಸಲಾರ. ಕೊರಿಯಾದಲ್ಲಿ ಒಂದು ವರ್ಷದ ಆಸುಪಾಸಿನಲ್ಲಿಯೇ ಮಕ್ಕಳ ಸೊಂಟಕ್ಕೆ ಮೊದಲ ದರ್ಜೆಯ ಪಟ್ಟಿ ಏರುತ್ತದೆ. ಹದಿನೈದು ತುಂಬದವರಿಗೆ ಅದು ಕೆಂಪು-ಕಪ್ಪು ಬಣ್ಣದ ಪೂಮ್, ಆ ಬಳಿಕ ಕಪ್ಪುಬಣ್ಣದ ಡಾನ್. ಹೊರದೇಶದವರು ಇದನ್ನು ಕೇಳಿ ಮೂಗು ಮುರಿಯುವುದುಂಟು. ಮೂಲತಃ ಮೊದಲ ಡಾನ್ ಎಂದರೆ ಪಾಂಡಿತ್ಯವಲ್ಲ, ಅಕ್ಷರಾಭ್ಯಾಸ ಮುಗಿದಿದೆ ಎಂಬ ಗುರುತು ಮಾತ್ರ. ಎರಡರಿಂದ ಮೂರನೆಯ ಡಾನ್‌ಗೆ ಎರಡು ವರ್ಷ, ಮೂರರಿಂದ ನಾಲ್ಕಕ್ಕೆ ಮೂರು ವರ್ಷ ಎಂಬಂತೆ ಕಾಯುವ ಅವಧಿ ಹಿಗ್ಗುತ್ತದೆ. ಕುಕ್ಕಿವಾನ್‌ನ ಅಂತರರಾಷ್ಟ್ರೀಯ ಗುರುವಿನ ಪರವಾನಗಿಗೆ ನಾಲ್ಕನೆಯ ಡಾನ್ ಬೇಕು. ಗೊಂದಲ ಹುಟ್ಟುವುದು ಹೊರಗಿನ ಸಮಾಜ ಕಪ್ಪುಪಟ್ಟಿಯನ್ನು ಯಾತ್ರೆಯ ಕೊನೆಯೆಂದು ತಿಳಿದಾಗ; ಆ ತಪ್ಪುಗ್ರಹಿಕೆಯನ್ನು ಶುಲ್ಕವಾಗಿ ಪರಿವರ್ತಿಸಿಕೊಳ್ಳುವ ಗುರುಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಮೈಸೂರಿನ ಹಳೆಯ ಗರಡಿ ಮನೆಗಳಲ್ಲಿ ಉಸ್ತಾದರು ಮಣ್ಣಿಗಿಳಿಸಿ ನೋಡುತ್ತಿದ್ದರು, ಪಟ್ಟಿ ಕಟ್ಟುತ್ತಿರಲಿಲ್ಲ. ಅಲ್ಲಿ ಜಟ್ಟಿ ತನ್ನ ಬಲವನ್ನು ಎದುರಾಳಿಯ ಮುಂದಲ್ಲದೆ ಬೇರೆಲ್ಲೂ ತೋರಿಸುವಂತಿರಲಿಲ್ಲ.

ಒಲಿಂಪಿಕ್ಸ್‌ನ ಕಥೆ ಇನ್ನೊಂದು ಬಗೆಯದು. 2000ರ ಸಿಡ್ನಿಯಿಂದ ಪದಕ ಕ್ರೀಡೆಯಾದ ಟೇಕ್ವಾಂಡೊದಲ್ಲಿ ತೀರ್ಪುಗಾರರ ಪಕ್ಷಪಾತದ ದೂರುಗಳು ಕಾಡಿದವು. 2008ರ ಬೀಜಿಂಗ್‌ನಲ್ಲಿ ಕ್ಯೂಬಾದ ಏಂಜೆಲ್ ಮಾಟೊಸ್ ತೀರ್ಪುಗಾರರ ಮುಖಕ್ಕೇ ಒದ್ದು ಆಜೀವ ನಿಷೇಧಕ್ಕೊಳಗಾದರು. 2012ರ ಲಂಡನ್‌ನಿಂದ ಎದೆಗವಚಕ್ಕೂ 2016ರ ರಿಯೊದಿಂದ ಶಿರಸ್ತ್ರಾಣಕ್ಕೂ ಎಲೆಕ್ಟ್ರಾನಿಕ್ ಸಂವೇದಕಗಳು ಬಂದವು. ನ್ಯಾಯ ಹೆಚ್ಚಿತು, ಅಂದ ಕುಗ್ಗಿತು. ಮುಂಗಾಲನ್ನು ಎತ್ತಿ ಹಿಡಿದು ಎದುರಾಳಿಯ ಕವಚವನ್ನು ತಟ್ಟಿದರೂ ಅಂಕ ಬರುವಾಗ ಸುಳಿ ಒದೆತದ ಅಪಾಯಕ್ಕೆ ಯಾರು ಇಳಿದಾರು? ಕಾಲಿನ ಕತ್ತಿವರಸೆ ಎಂದು ಬಲ್ಲವರು ಲೇವಡಿ ಮಾಡಿದರು. ತಿರುಗಿ ಒದೆಯುವುದಕ್ಕೆ ಹೆಚ್ಚಿನ ಅಂಕ ನೀಡುವ ತಿದ್ದುಪಡಿಗಳು ಬಂದದ್ದು ಈ ಕಾರಣಕ್ಕೆ.

ಆದರೆ ಯಂತ್ರದ ತೀರ್ಪು ಕೊರಿಯಾದ ಏಕಸ್ವಾಮ್ಯವನ್ನು ಮುರಿಯುವಲ್ಲಿ ತನ್ನ ಪಾಲನ್ನು ಸಲ್ಲಿಸಿದೆ ಎಂಬುದರಲ್ಲಿ ಅನುಮಾನವಿಲ್ಲ. 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾ ಮೊದಲ ಬಾರಿಗೆ ಟೇಕ್ವಾಂಡೊ ಚಿನ್ನವಿಲ್ಲದೆ ಮರಳಿತು. 2024ರ ಪ್ಯಾರಿಸ್‌ನಲ್ಲಿ ಎರಡು ಚಿನ್ನ ಗೆದ್ದು ಚೇತರಿಸಿಕೊಂಡಿತಾದರೂ, ಅಲ್ಲಿನ ಎಂಟು ಚಿನ್ನಗಳು ಏಳು ದೇಶಗಳಿಗೆ ಹಂಚಿಹೋದವು. ಅಫ್ಘಾನಿಸ್ತಾನದ ಮೊಟ್ಟಮೊದಲ ಒಲಿಂಪಿಕ್ ಪದಕ 2008ರಲ್ಲಿ ರೊಹುಲ್ಲಾ ನಿಕ್ಪಾಯ್ ಗೆದ್ದ ಕಂಚು. ವಿಯೆಟ್ನಾಂಗೆ 2000ದಲ್ಲಿ, ಜೋರ್ಡಾನ್‌ಗೆ 2016ರಲ್ಲಿ ಮೊದಲ ಪದಕ ತಂದುಕೊಟ್ಟದ್ದೂ ಇದೇ ಕ್ರೀಡೆ. ಜೋರ್ಡಾನ್‌ನ ಅಜ್ರಾಕ್ ಶಿಬಿರದಲ್ಲಿ ಸಿರಿಯಾದ ನಿರಾಶ್ರಿತ ಮಕ್ಕಳು ಇಂದು ಈ ವರಸೆಗಳನ್ನು ಕಲಿಯುತ್ತಾರೆ. ಕುದುರೆಯಾಗಲಿ ಹಾಯಿದೋಣಿಯಾಗಲಿ ಬೇಡದ, ಒಂದು ಚಾಪೆ ಮತ್ತೊಬ್ಬ ಗುರು ಸಾಕಾದ ಆಟಕ್ಕೆ ಬಡದೇಶಗಳು ಒಲಿದದ್ದರಲ್ಲಿ ಆಶ್ಚರ್ಯವಿಲ್ಲ.

ಬಡತನದ ಅಡ್ಡಿಯಿಲ್ಲದ ಈ ಆಟದಲ್ಲಿ ಭಾರತ ಎಲ್ಲಿದೆ? 2000ದಿಂದ 2024ರವರೆಗಿನ ಏಳು ಒಲಿಂಪಿಕ್ಸ್‌ಗಳಲ್ಲಿ ಒಬ್ಬ ಭಾರತೀಯ ಸ್ಪರ್ಧಿಯೂ ಟೇಕ್ವಾಂಡೊ ಕಣಕ್ಕೆ ಇಳಿದಿಲ್ಲ. 2002ರ ಬೂಸಾನ್ ಏಷ್ಯಾಡ್‌ನಲ್ಲಿ ಸುರೇಂದ್ರ ಭಂಡಾರಿ ಕಂಚು ಗೆದ್ದಿದ್ದರು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಹರಿಯಾಣದ ಅರುಣಾ ತನ್ವರ್ ಸ್ಪರ್ಧಿಸಿ ಮೊದಲಿಗರೆನಿಸಿದರು. ಜಿಮ್ಮಿ ಜಗತಿಯಾನಿ ಅವರಂಥವರು 1970ರ ದಶಕದಲ್ಲಿಯೇ ಬೀಜ ಬಿತ್ತಿದ್ದ ನೆಲದಲ್ಲಿ ಬೆಳೆ ಇಷ್ಟೇ ಆದದ್ದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ತಾನೇ ಅಧಿಕೃತವೆಂದು ಹೇಳಿಕೊಳ್ಳುವ ಒಂದಕ್ಕಿಂತ ಹೆಚ್ಚು ರಾಷ್ಟ್ರೀಯ ಸಂಘಗಳು, ಅವುಗಳ ಜಗಳ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ್ದು, ಒಂದು ಸಂಘದ ಚಾಂಪಿಯನ್ ಇನ್ನೊಂದಕ್ಕೆ ಅಪರಿಚಿತನಾಗುವುದು, ಇವೆಲ್ಲ ಕೊರಿಯಾದ ಮೂಲ ಒಡಕಿನ ದೇಶಿ ಆವೃತ್ತಿಗಳು. ಕೊರಿಯನ್ನರು ಸಿದ್ಧಾಂತಕ್ಕಾಗಿ ಒಡೆದರು, ಇಲ್ಲಿ ಕುರ್ಚಿಗಾಗಿ ಎಂಬಷ್ಟೇ ವ್ಯತ್ಯಾಸ.

ಕರ್ನಾಟಕದಲ್ಲಿ ಟೇಕ್ವಾಂಡೊವನ್ನೂ ಕರಾಟೆ ಕ್ಲಾಸು ಎಂದೇ ಕರೆಯುವ ರೂಢಿ ಇನ್ನೂ ಹೋಗಿಲ್ಲ. ಶಂಕರ್‌ನಾಗ್ ಅವರನ್ನು ಕರಾಟೆ ಕಿಂಗ್ ಎಂದು ಮೆರೆಸಿದ ನಾಡಿಗೆ ಅದು ಸಹಜವೇ. ಸರ್ಕಾರ ವಿದ್ಯಾರ್ಥಿನಿಯರಿಗಾಗಿ ಒನಕೆ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣಾ ತರಬೇತಿಯನ್ನೂ ಆರಂಭಿಸಿತು. ಕೆಲವು ತಿಂಗಳ ಇಂತಹ ತರಬೇತಿಯಿಂದ ಧೈರ್ಯ ಬರಬಹುದು, ದನಿ ಏರಬಹುದು. ಅಭ್ಯಾಸದಿಂದಷ್ಟೇ ಬರುವ ಒದೆತ ಬರಲಾರದು. ಬೆಂಗಳೂರಿನ ಬಡಾವಣೆಗಳಲ್ಲಿ ಸಂಜೆಯ ಹೊತ್ತು ಬಿಳಿ ಅಂಗಿ ತೊಟ್ಟು ಹೊರಡುವ ಮಕ್ಕಳ ಪೋಷಕರು ಬಣ್ಣ ಬದಲಾದಂತೆಲ್ಲ ಪರೀಕ್ಷಾ ಶುಲ್ಕ ಕಟ್ಟುತ್ತಾರೆ. ಕೊನೆಗೆ ಕೈಸೇರುವ ಪ್ರಮಾಣಪತ್ರ ಕುಕ್ಕಿವಾನ್‌ನದೋ, ಚೊಯ್ ಪರಂಪರೆಯ ಮೂರರಲ್ಲೊಂದು ಬಣದ್ದೋ, ಇಲ್ಲವೇ ಪಕ್ಕದ ಬೀದಿಯ ಮುದ್ರಣಾಲಯದ್ದೋ ಎಂದು ವಿಚಾರಿಸುವವರು ವಿರಳ. ಮಗು ಮುಂದೆ ರಾಷ್ಟ್ರಮಟ್ಟದ ಆಯ್ಕೆಗೆ ಹೋದಾಗ ಅಥವಾ ವಿದೇಶದಲ್ಲಿ ಗರಡಿ ಸೇರಿದಾಗ ಆ ಪ್ರಶ್ನೆಯನ್ನು ಬೇರೆಯವರು ಕೇಳುತ್ತಾರೆ. ಕುಕ್ಕಿವಾನ್ ನೀಡುವ ಪ್ರತಿ ಡಾನ್ ಪತ್ರಕ್ಕೂ ಒಂದು ಸಂಖ್ಯೆಯಿರುತ್ತದೆ. ಅದನ್ನು ಸೋಲ್‌ನ ದಾಖಲೆಯೊಂದಿಗೆ ತಾಳೆ ನೋಡಬಹುದು.