ಹಕ್ಕಿನ ಅನ್ನ, ಹಂಗಿನ ಅನ್ನ

ಬಜೆಟ್ ಮಂಡನೆಯಾದಾಗ, ಚುನಾವಣಾ ಪ್ರಣಾಳಿಕೆಗಳು ಹೊರಬಿದ್ದಾಗ ನಮ್ಮ ವಿದ್ಯಾವಂತ ವಲಯದಲ್ಲಿ ತಪ್ಪದೆ ಕೇಳಿಬರುವ ಒಂದು ಮಾತಿದೆ: ‘ರೋಮ್ ಹಾಳಾದದ್ದೂ ಹೀಗೆಯೇ’. ಪುಕ್ಕಟೆ ರೊಟ್ಟಿ ಕೊಟ್ಟು, ಪುಕ್ಕಟೆ ಆಟ ತೋರಿಸಿ ಪ್ರಜೆಗಳನ್ನು ಸೋಮಾರಿಗಳನ್ನಾಗಿ ಮಾಡಿದ ಸಾಮ್ರಾಜ್ಯ ಕೊನೆಗೆ ಕುಸಿದುಬಿತ್ತು ಎಂಬುದು ಅದರ ತಾತ್ಪರ್ಯ. 2022ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ‘ರೇವಡಿ ಸಂಸ್ಕೃತಿ’ಯ ವಿರುದ್ಧ ಎಚ್ಚರಿಕೆ ನೀಡಿದಾಗಲೂ, 2023ರಲ್ಲಿ ಕರ್ನಾಟಕದ ಕಾಂಗ್ರೆಸ್ ಸರ್ಕಾರ ಐದು ಗ್ಯಾರಂಟಿಗಳನ್ನು ಜಾರಿಗೆ ತರತೊಡಗಿದಾಗಲೂ ಈ ಮಾತು ನನ್ನ ಕಿವಿಗೆ ಬಿತ್ತು. ಒಂದು ಕಾಲಕ್ಕೆ ನಾನೂ ಅದನ್ನು ಹೆಚ್ಚು ಯೋಚಿಸದೆ ಆಡುತ್ತಿದ್ದವನೇ. ರೋಮಿನ ಇತಿಹಾಸವನ್ನು ಸಾವಧಾನವಾಗಿ ಓದಿದ ಮೇಲೆ, ಅಲ್ಲಿ ನಡೆದದ್ದು ಬೇರೆಯೇ ಎನಿಸತೊಡಗಿತು. ಆ ಪಾಠ ಉಚಿತ ಅಕ್ಕಿಯನ್ನು ವಿರೋಧಿಸುವವರಿಗೂ ಅದನ್ನು ಹಂಚುವವರಿಗೂ ಅಷ್ಟೇನೂ ಹಿತವಾದುದಲ್ಲ.

ಕತೆ ಆರಂಭವಾಗುವುದು ಕ್ರಿ.ಪೂ. 123ರಲ್ಲಿ. ಆ ವರ್ಷ ‘ಟ್ರಿಬ್ಯೂನ್’ ಆಗಿ, ಅಂದರೆ ಸಾಮಾನ್ಯ ಪ್ರಜೆಗಳ ಪ್ರತಿನಿಧಿಯಾಗಿ, ಆಯ್ಕೆಯಾದ ಗೈಯಸ್ ಗ್ರಾಕಸ್ ಒಂದು ಧಾನ್ಯ ಕಾಯ್ದೆಯನ್ನು ತಂದ. ರೋಮ್ ನಗರದ ಪ್ರಜೆಗಳಿಗೆ ಸರ್ಕಾರವೇ ನಿಗದಿತ ಅಗ್ಗದ ದರದಲ್ಲಿ ಪ್ರತಿ ತಿಂಗಳು ಗೋಧಿ ಒದಗಿಸಬೇಕು ಎಂಬುದು ಅದರ ಸಾರಾಂಶ. ಧಾನ್ಯ ಪುಕ್ಕಟೆಯಾಗಿರಲಿಲ್ಲ. ಸಿಸಿಲಿ, ಸಾರ್ಡೀನಿಯ, ಆಫ್ರಿಕಾಗಳಿಂದ ಹಡಗಿನಲ್ಲಿ ಬರುತ್ತಿದ್ದ ಗೋಧಿಯ ಬೆಲೆ ಬಿರುಗಾಳಿಗೆ, ಬರಗಾಲಕ್ಕೆ, ದಾಸ್ತಾನುದಾರರ ಲೆಕ್ಕಾಚಾರಕ್ಕೆ ತಕ್ಕಂತೆ ಏರಿಳಿಯುತ್ತಿತ್ತು. ಆ ಏರಿಳಿತದಿಂದ ಬಡವನನ್ನು ಕಾಪಾಡುವುದು ಕಾಯ್ದೆಯ ಉದ್ದೇಶವಾಗಿತ್ತು. ಅದಕ್ಕಾಗಿ ಸಾರ್ವಜನಿಕ ಉಗ್ರಾಣಗಳನ್ನೂ ಕಟ್ಟಿಸಲಾಯಿತು. ಇದು ಯಾವ ದೊರೆಯ ದಾನವೂ ಆಗಿರಲಿಲ್ಲ. ಜನಸಭೆ ಮತ ಹಾಕಿ ಅಂಗೀಕರಿಸಿದ ಕಾಯ್ದೆಯಾಗಿತ್ತು.

ವಿರೋಧ ಆಗಲೂ ಇತ್ತು. ‘ಮಿತವ್ಯಯಿ’ ಎಂಬ ಅರ್ಥದ ‘ಫ್ರುಗಿ’ ಎಂಬ ಬಿರುದು ಪಡೆದಿದ್ದ ಮಾಜಿ ಕಾನ್ಸಲ್ ಪೀಸೊ ಈ ಕಾಯ್ದೆಯ ಕಟ್ಟಾ ವಿರೋಧಿ. ಕಾಯ್ದೆ ಜಾರಿಯಾದ ಮೇಲೆ ಆತನೂ ಧಾನ್ಯ ಪಡೆಯಲು ಜನರ ನಡುವೆ ನಿಂತದ್ದನ್ನು ಗ್ರಾಕಸ್ ಕಂಡ. ವಿರೋಧಿಸಿದವನು ಇಲ್ಲೇಕೆ ಎಂದು ಎಲ್ಲರೆದುರು ಕೇಳಿದ. ನನ್ನ ಸೊತ್ತನ್ನು ನೀನು ಹಂಚುವುದು ನನಗಿಷ್ಟವಿಲ್ಲ, ಹಂಚುವುದೇ ಆದರೆ ನನ್ನ ಪಾಲನ್ನು ಬಿಡಲಾರೆ ಎಂಬ ಧಾಟಿಯಲ್ಲಿ ಪೀಸೊ ಉತ್ತರಿಸಿದನಂತೆ. ಈ ಪ್ರಸಂಗವನ್ನು ದಾಖಲಿಸಿದವನು ಸಿಸೆರೊ. ಅವನ ಸಹಾನುಭೂತಿ ಪೀಸೊ ಕಡೆಗಿತ್ತು. ನನಗಾದರೋ ಆ ಸಾಲಿನಲ್ಲಿ ನಮ್ಮ ಮಧ್ಯಮವರ್ಗವೇ ನಿಂತಂತೆ ಕಾಣುತ್ತದೆ. ತೆರಿಗೆ ರಿಯಾಯಿತಿಯನ್ನು, ಅಗ್ಗದ ದರದ ನಿವೇಶನವನ್ನು ನಾವು ಪಾಲು ಎನ್ನುತ್ತೇವೆ. ಬಡವನ ಅಕ್ಕಿಯನ್ನು ಬಿಟ್ಟಿ ಎನ್ನುತ್ತೇವೆ.

ಹಾಗೆಂದು ವಿರೋಧಿಗಳ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಕ್ರಿ.ಪೂ. 58ರಲ್ಲಿ ಟ್ರಿಬ್ಯೂನ್ ಕ್ಲೋಡಿಯಸ್ ಗೋಧಿಯನ್ನು ಪೂರ್ಣ ಉಚಿತಗೊಳಿಸಿದ. ರಾಜ್ಯದ ಆದಾಯದ ಸುಮಾರು ಐದನೇ ಒಂದು ಭಾಗ ಇದರಿಂದ ಕೈಬಿಟ್ಟುಹೋಯಿತು ಎಂಬುದು ಸಿಸೆರೊನ ಆಪಾದನೆ. ಕ್ಲೋಡಿಯಸ್ ಅವನ ಪರಮವೈರಿಯಾಗಿದ್ದುದರಿಂದ ಲೆಕ್ಕವನ್ನು ಎಚ್ಚರಿಕೆಯಿಂದಲೇ ಓದಬೇಕು. ಆದರೂ ಹೊರೆ ದೊಡ್ಡದೆಂಬುದರಲ್ಲಿ ಅನುಮಾನವಿಲ್ಲ. ಯೋಜನೆಯ ದುರುಪಯೋಗವೂ ನಡೆಯಿತು. ಅನೇಕ ಯಜಮಾನರು ತಮ್ಮ ಗುಲಾಮರನ್ನು ಬಿಡುಗಡೆ ಮಾಡಿ ಪಟ್ಟಿಗೆ ಸೇರಿಸಿದರು. ದುಡಿಮೆಯ ನಂಟು ಉಳಿಸಿಕೊಂಡು, ಹೊಟ್ಟೆಗೆ ಹಾಕುವ ಜವಾಬ್ದಾರಿಯನ್ನು ಮಾತ್ರ ಸರ್ಕಾರಕ್ಕೆ ದಾಟಿಸುವ ಜಾಣತನವಿದು. ಫಲಾನುಭವಿಗಳ ಸಂಖ್ಯೆ 3,20,000ಕ್ಕೆ ಏರಿತ್ತು. ಜೂಲಿಯಸ್ ಸೀಸರ್ ಬೀದಿಬೀದಿಗಳಲ್ಲಿ ಮನೆ ಮಾಲೀಕರ ಮೂಲಕ ಗಣತಿ ನಡೆಸಿ ಅದನ್ನು 1,50,000ಕ್ಕೆ ಇಳಿಸಿದ. ಪಟ್ಟಿಯಲ್ಲಿದ್ದವರು ಸತ್ತರೆ ಮಾತ್ರ ಚೀಟಿ ಎತ್ತಿ ಹೊಸಬರನ್ನು ಸೇರಿಸುವ ಪದ್ಧತಿ ತಂದ. ಅನರ್ಹ ಕಾರ್ಡುಗಳನ್ನು ರದ್ದುಪಡಿಸುವ ನಮ್ಮ ಅಭಿಯಾನಗಳನ್ನು ಕಂಡವರಿಗೆ ಇದು ಅಪರಿಚಿತವೇನಲ್ಲ.

ಮುಖ್ಯ ತಿರುವು ಬಂದದ್ದು ಆಗಸ್ಟಸ್‌ನ ಕಾಲದಲ್ಲಿ. ಧಾನ್ಯ ವಿತರಣೆಯಿಂದ ಬೇಸಾಯ ಕೆಡುತ್ತದೆ, ಅದನ್ನು ಶಾಶ್ವತವಾಗಿ ನಿಲ್ಲಿಸಬೇಕು ಎಂದು ಅವನಿಗೆ ಅನ್ನಿಸಿತ್ತು ಎಂದು ಚರಿತ್ರಕಾರ ಸ್ವೆಟೋನಿಯಸ್ ಬರೆಯುತ್ತಾನೆ. ಆದರೆ ಆಗಸ್ಟಸ್ ನಿಲ್ಲಿಸಲಿಲ್ಲ. ತಾನು ನಿಲ್ಲಿಸಿದರೂ ಮುಂದೆ ಯಾವನೋ ಒಬ್ಬ ಜನಪ್ರಿಯತೆಗಾಗಿ ಮತ್ತೆ ಆರಂಭಿಸಿಯೇ ಆರಂಭಿಸುತ್ತಾನೆ ಎಂಬ ವಾಸ್ತವ ಅವನಿಗೆ ತಿಳಿದಿತ್ತು. ಅವನು ಮಾಡಿದ್ದು ಇನ್ನೂ ಸೂಕ್ಷ್ಮವಾದ ಕೆಲಸ. ಪಟ್ಟಿಯನ್ನು ಸುಮಾರು ಎರಡು ಲಕ್ಷಕ್ಕೆ ನಿಗದಿಪಡಿಸಿದ. ಧಾನ್ಯ ಪೂರೈಕೆಗೆ ತನಗೇ ಉತ್ತರದಾಯಿಯಾದ ಪ್ರತ್ಯೇಕ ಅಧಿಕಾರಿಯನ್ನು ನೇಮಿಸಿದ. ಗೋಧಿಯ ಕಣಜವಾದ ಈಜಿಪ್ಟಿಗೆ ಸೆನೆಟ್ ಸದಸ್ಯರು ತನ್ನ ಅನುಮತಿಯಿಲ್ಲದೆ ಕಾಲಿಡದಂತೆ ನೋಡಿಕೊಂಡ. ತನ್ನ ಸಮಾಧಿಯ ಮುಂದೆ ಕಂಚಿನ ಕಂಬಗಳಲ್ಲಿ ಕೆತ್ತಿಸಬೇಕೆಂದು ಬರೆದಿಟ್ಟ ಆತ್ಮಪ್ರಶಸ್ತಿಯಲ್ಲಿ, ಸ್ವಂತ ಖರ್ಚಿನಿಂದ ಎಷ್ಟು ಬಾರಿ ಧಾನ್ಯ ಹಂಚಿದೆ, ತಲೆಗೆ ಎಷ್ಟು ನಾಣ್ಯ ಕೊಟ್ಟೆ ಎಂಬ ಲೆಕ್ಕವನ್ನು ವಿವರವಾಗಿ ನಮೂದಿಸಿದ. ಅದರ ಪ್ರತಿಯೊಂದು ಇಂದಿಗೂ ತುರ್ಕಿಯ ಅಂಕಾರದ ಪುರಾತನ ದೇವಾಲಯದ ಗೋಡೆಯ ಮೇಲಿದೆ. ಕಾಯ್ದೆಯಿಂದ ಬಂದ ಅನ್ನ ಹೀಗೆ ಒಡೆಯನ ಔದಾರ್ಯವಾಗಿ ಮಾರ್ಪಟ್ಟಿತು.

ಈ ಮಾರ್ಪಾಡಿನಲ್ಲಿ ಧರ್ಮದ ಪಾತ್ರವೂ ಇದೆ. ಗಣರಾಜ್ಯದ ಕಾಲದಲ್ಲಿ ಧಾನ್ಯದೇವತೆ ಸೆರೆಸ್‌ಳ ಗುಡಿ ಅವೆಂಟೈನ್ ಬೆಟ್ಟದ ಬಳಿಯಿತ್ತು. ಅದು ಸಾಮಾನ್ಯ ಜನರ ಅಧಿಕಾರಿಗಳ ಕೇಂದ್ರವೂ ಆಗಿತ್ತು. ಚಕ್ರಾಧಿಪತ್ಯದ ಕಾಲದಲ್ಲಿ ಧಾನ್ಯ ಪೂರೈಕೆಯೇ ‘ಅನ್ನೋನಾ’ ಎಂಬ ದೇವತೆಯಾಗಿ, ನೀರೊನ ನಾಣ್ಯಗಳಲ್ಲಿ ಸೆರೆಸ್‌ಳ ಜೊತೆ ಕಾಣಿಸಿಕೊಂಡಿತು. ನಾಣ್ಯದ ಒಂದು ಮುಖದಲ್ಲಿ ದೇವತೆಯರು, ಇನ್ನೊಂದರಲ್ಲಿ ಚಕ್ರವರ್ತಿ. ರಥಸ್ಪರ್ಧೆಗಳೂ ಮೂಲತಃ ದೇವರ ಉತ್ಸವಗಳೇ. ಅವು ಆರಂಭವಾಗುತ್ತಿದ್ದುದು ದೇವರ ಮೂರ್ತಿಗಳ ಮೆರವಣಿಗೆಯಿಂದ. ಕ್ರಿ.ಪೂ. 45ರಲ್ಲಿ ಆ ಮೆರವಣಿಗೆಯಲ್ಲಿ ದೇವರುಗಳ ಸಾಲಿಗೆ ಬದುಕಿದ್ದ ಸೀಸರನ ಮೂರ್ತಿಯೂ ಸೇರಿತು. ಆಗಸ್ಟಸ್ ಕ್ರಿ.ಪೂ. 12ರಲ್ಲಿ ಪ್ರಧಾನ ಪುರೋಹಿತನಾದ. ಸತ್ತ ಮೇಲೆ ಸೆನೆಟ್ ಅವನನ್ನು ದೇವರೆಂದು ಘೋಷಿಸಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ನಮ್ಮ ಗಾದೆ ರೋಮಿನಲ್ಲಿ ತಲೆಕೆಳಗಾಯಿತು. ಅಲ್ಲಿ ಕೊಟ್ಟವನೇ ದೇವರಾದ.

ಕ್ರಿ.ಶ. 14ರಲ್ಲಿ, ಟೈಬೀರಿಯಸ್ ಪಟ್ಟಕ್ಕೆ ಬಂದ ವರ್ಷವೇ, ಅಧಿಕಾರಿಗಳ ಚುನಾವಣೆಯನ್ನು ಜನಸಭೆಯಿಂದ ಸೆನೆಟ್‌ಗೆ ವರ್ಗಾಯಿಸಲಾಯಿತು. ಬರಿಯ ಗೊಣಗಾಟದ ಹೊರತು ಪ್ರತಿರೋಧ ಬರಲಿಲ್ಲ ಎನ್ನುತ್ತಾನೆ ಟ್ಯಾಸಿಟಸ್. ಸುಮಾರು ಒಂದು ಶತಮಾನದ ನಂತರ ಬಂದ ವಿಡಂಬನಕಾರ ಜುವೆನಾಲ್, ನಾವೆಲ್ಲ ಉದ್ಧರಿಸುವ ‘ರೊಟ್ಟಿ ಮತ್ತು ಆಟ’ದ ಮಾತನ್ನು ಆಡಿದ್ದು ಈ ಹಿನ್ನೆಲೆಯಲ್ಲಿ. ಅವನ ಸಂಕಟ ಜನ ತಿನ್ನುತ್ತಿದ್ದರು ಎಂಬುದಲ್ಲ. ಒಂದು ಕಾಲಕ್ಕೆ ಸೇನಾಧಿಪತ್ಯವನ್ನೂ ಅಧಿಕಾರವನ್ನೂ ದಯಪಾಲಿಸುತ್ತಿದ್ದ ಜನ, ಮಾರಲಿಕ್ಕಾದರೂ ಒಂದು ಮತ ಉಳಿಯದ ಮೇಲೆ, ಎರಡೇ ಎರಡು ವಸ್ತುಗಳಿಗೆ ತೃಪ್ತರಾದರಲ್ಲ ಎಂಬುದು. ರೊಟ್ಟಿ ತಿಂದು ಜನ ಮತ ಕಳೆದುಕೊಳ್ಳಲಿಲ್ಲ. ಮತ ಹೋದ ಮೇಲೆ ಅವರಿಗೆ ಉಳಿದದ್ದು ರೊಟ್ಟಿ.

ಅವರು ತೀರ ಮೂಕರೂ ಆಗಿರಲಿಲ್ಲ. ಕ್ರಿ.ಶ. 51ರಲ್ಲಿ ನಗರದಲ್ಲಿ ಹದಿನೈದು ದಿನಗಳ ಧಾನ್ಯ ಮಾತ್ರ ಉಳಿದಿದ್ದಾಗ ಚಕ್ರವರ್ತಿ ಕ್ಲಾಡಿಯಸ್‌ನನ್ನು ಜನ ಫೋರಂನಲ್ಲಿ ಮುತ್ತಿಗೆ ಹಾಕಿ ರೊಟ್ಟಿಯ ಚೂರುಗಳನ್ನು ಎಸೆದರು. ಕ್ಯಾಲಿಗುಲನ ಕೊನೆಗಾಲದಲ್ಲಿ ರಥಸ್ಪರ್ಧೆಯ ಮೈದಾನದಲ್ಲೇ ತೆರಿಗೆ ಇಳಿಸುವಂತೆ ಜನ ಕೂಗಿದರು; ಕೂಗಿದವರನ್ನು ಹಿಡಿದು ಕೊಲ್ಲಲು ಅವನು ಆಜ್ಞಾಪಿಸಿದ ಎಂದು ಜೋಸೆಫಸ್ ಬರೆದಿದ್ದಾನೆ. ಮತಗಟ್ಟೆ ಇಲ್ಲದ ಊರಿನಲ್ಲಿ ಆಟದ ಮೈದಾನವೇ ಸಂಸತ್ತಾಗುತ್ತದೆ. ಆದರೆ ಆ ಸಂಸತ್ತಿನ ಸದಸ್ಯರಿಗೆ ಯಾವ ರಕ್ಷಣೆಯೂ ಇರುವುದಿಲ್ಲ.

ಇನ್ನು ಧಾನ್ಯ ವಿತರಣೆಯಿಂದಲೇ ಸಾಮ್ರಾಜ್ಯ ಕುಸಿಯಿತು ಎಂಬ ವಾದಕ್ಕೆ ಕಾಲಗಣನೆಯೇ ಅಡ್ಡಿ. ಗ್ರಾಕಸ್‌ನ ಕಾಯ್ದೆಯಾದ ಮೇಲೆ ಪಶ್ಚಿಮದ ಸಾಮ್ರಾಜ್ಯ ಸುಮಾರು ಆರು ಶತಮಾನ ಬಾಳಿತು. ಅದರ ವೈಭವದ ಕಾಲವೂ ಇದರೊಳಗೇ ಬರುತ್ತದೆ. 439ರಲ್ಲಿ ವ್ಯಾಂಡಲರು ಕಾರ್ಥೇಜನ್ನು ವಶಪಡಿಸಿಕೊಂಡಾಗ ರೋಮಿಗೆ ಆಫ್ರಿಕಾದ ಧಾನ್ಯವೂ ಕಂದಾಯವೂ ತಪ್ಪಿದವು. ಧಾನ್ಯ ಹಂಚಿದ್ದರಿಂದ ರಾಜ್ಯ ಹೋಯಿತು ಎನ್ನುವುದಕ್ಕಿಂತ, ರಾಜ್ಯ ಹೋದದ್ದರಿಂದ ಧಾನ್ಯ ನಿಂತಿತು ಎನ್ನುವುದು ಸತ್ಯಕ್ಕೆ ಹತ್ತಿರ.

ನಮಗೂ ರೋಮಿಗೂ ಇರುವ ಅಂತರವನ್ನು ಮರೆಯಬಾರದು. ಅಲ್ಲಿ ಒಬ್ಬ ಫಲಾನುಭವಿಗೆ ತಿಂಗಳಿಗೆ ಸುಮಾರು 33 ಕಿಲೊ ಗೋಧಿ ಸಿಗುತ್ತಿತ್ತು. ಆದರೆ ಫಲಾನುಭವಿಯಾಗಲು ರಾಜಧಾನಿಯಲ್ಲಿ ವಾಸಿಸುವ ಪುರುಷ ಪ್ರಜೆಯಾಗಿರಬೇಕಿತ್ತು, ಬಡವನಾಗಿರಬೇಕಿರಲಿಲ್ಲ. ಆ ಗೋಧಿಯನ್ನು ಬೆಳೆದು ತೆರಿಗೆಯಾಗಿ ತೆತ್ತ ಈಜಿಪ್ಟಿನ ರೈತನಿಗೆ ಅದರಲ್ಲಿ ಪಾಲಿರಲಿಲ್ಲ. ಭಾರತದ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನಸಂಖ್ಯೆಯ ಶೇ 75ರಷ್ಟು, ನಗರ ಜನಸಂಖ್ಯೆಯ ಶೇ 50ರಷ್ಟು ಮಂದಿಯನ್ನು ಒಳಗೊಳ್ಳುವ ಗುರಿ ಹೊಂದಿದೆ. ಪಡಿತರ ಚೀಟಿಗೆ ಮನೆಯ ಹಿರಿಯ ಮಹಿಳೆಯನ್ನು ಯಜಮಾನಿಯೆಂದು ಗುರುತಿಸುತ್ತದೆ. ಧಾನ್ಯ ಕೊಡದಿದ್ದರೆ ಭತ್ಯೆ ಕೊಡಬೇಕೆನ್ನುತ್ತದೆ. ಇದು ಆಗಸ್ಟಸ್‌ನ ದಾರಿಯಲ್ಲ, ಗ್ರಾಕಸ್‌ನ ದಾರಿ. ಅದನ್ನೂ ಮೀರಿದ ದಾರಿ.

ನನ್ನ ಆತಂಕ ಇರುವುದು ಬೇರೆ ಕಡೆ. ಕಾಯ್ದೆ ಕೊಟ್ಟ ಅಕ್ಕಿಯ ಚೀಲದ ಮೇಲೆ ನಾಯಕರ ಭಾವಚಿತ್ರ ಬಂದಾಗ, ಜನರದೇ ತೆರಿಗೆಯ ಹಣ ಯಾರೋ ಒಬ್ಬರ ಕೊಡುಗೆಯೆಂದು ಜಾಹೀರಾತಿನಲ್ಲಿ ಕಾಣಿಸಿಕೊಂಡಾಗ, ನಮ್ಮ ಅಕ್ಕಿ ತಿಂದವರು ನಮಗೇ ಮತ ಹಾಕಬೇಕು ಎಂದು ವೇದಿಕೆಯಿಂದ ಹೇಳಿದಾಗ ಹಕ್ಕು ಮೆಲ್ಲನೆ ಹಂಗಾಗುತ್ತದೆ. ಇದರಲ್ಲಿ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ. ಅಷ್ಟೇ ಆತಂಕ ನನಗೆ ಇನ್ನೊಂದು ಮಾತಿನಿಂದಲೂ ಆಗುತ್ತದೆ: ಉಚಿತ ಅಕ್ಕಿ ಪಡೆಯುವವರಿಗೆ ಮತದಾನವೇಕೆ ಎಂದು ಸುಶಿಕ್ಷಿತರ ಹರಟೆಯಲ್ಲಿ ಆಗಾಗ ತೇಲಿಬರುವ ಮಾತು. ರೋಮ್ ಮಾಡಿದ್ದು ಅದನ್ನೇ. ಅನ್ನವನ್ನು ಉಳಿಸಿ ಮತವನ್ನು ತೆಗೆದುಹಾಕಿತು.

ಯಾವ ಯೋಜನೆ ಬೇಕು, ಎಷ್ಟು ಖರ್ಚು ಸಹ್ಯ ಎಂಬ ಚರ್ಚೆ ನಡೆಯಲೇಬೇಕು; ಖಜಾನೆಗೆ ಮಿತಿಯಿದೆ ಎಂಬ ಸಿಸೆರೊನ ಮಾತು ಇಂದಿಗೂ ನಿಜ. ಅದರ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳೋಣ. ಈ ಅಕ್ಕಿ ಶಾಸನಸಭೆಯ ಕಾಯ್ದೆಯಿಂದ ಬಂದಿದೆಯೇ, ಒಬ್ಬರ ಘೋಷಣೆಯಿಂದಲೇ? ಬಾರದಿದ್ದರೆ ಹೆದರದೆ ದೂರು ಕೊಡಬಹುದೇ? ಪಡೆದವರು ಮರುದಿನವೇ ಕೊಟ್ಟವರ ವಿರುದ್ಧ ಮತ ಹಾಕಬಹುದೇ? ಹೌದು ಎನ್ನುವ ಸ್ಥಿತಿ ಇರುವವರೆಗೆ ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲು ಪ್ರಜೆಗಳ ಸಾಲಾಗಿಯೇ ಉಳಿಯುತ್ತದೆ.