ಫಿಯಟ್ಟೋ, ಅಂಬಾಸಡರೋ?

ಇಟಲಿಯ ಮೋಟಾರು ಶಿಲ್ಪಿಗಳಿಗೆ ೧೯೬೪ ಸುಗ್ಗಿಯ ವರ್ಷ. ಫೆರಾರಿ ೨೭೫ ಜಿಟಿಬಿಯೂ ಲ್ಯಾಂಬೊರ್ಗಿನಿ ೩೫೦ ಜಿಟಿಯೂ ಜನರ ಕಣ್ಣಿಗೆ ಬಿದ್ದುದು ಆ ವರ್ಷದಲ್ಲಿಯೇ. ಎರಡಕ್ಕೂ ಹನ್ನೆರಡು ಸಿಲಿಂಡರಿನ ಎಂಜಿನು. ಇವುಗಳಲ್ಲಿ ಯಾವುದು ಮೇಲೆಂಬ ವಾದ ಕುಬೇರರಿಗೆ ಸೇರಿದ್ದು. ಅದೇ ವರ್ಷ ಇಟಲಿಯ ಮತ್ತೊಂದು ಕೂಸಾದ ಫಿಯಟ್ ೧೧೦೦ ಡಿಲೈಟ್, ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯಿಂದ ಹೊರಬಂದಿತು. ಕೋಣಂದೂರಿನಂಥ ಊರಿಗೆ ಸಲ್ಲುವ ವಾದವೆಂದರೆ ಈ ಫಿಯಟ್ಟಿಗೂ ಅಂಬಾಸಡರಿಗೂ ನಡುವಿನದು. ತೋಟದ ಮನೆಯ ಕೊಟ್ಟಿಗೆಯಲ್ಲಿ ತಾತನ ಕಾಲದ ಕಾರೊಂದು ನಿಂತಿದ್ದರೆ, ಅದು ಗುಜರಿಗೋ ಮುಂದಿನ ಪೀಳಿಗೆಗೋ ಎಂಬುದನ್ನು ಮನೆಯವರು ನಿರ್ಧರಿಸಲೇಬೇಕು.

ಫಿಯಟ್ಟಿನದು ೧,೦೮೯ ಘನ ಸೆಂಟಿಮೀಟರಿನ ಎಂಜಿನು; ಹಗುರವಾದ ಮೈ, ಚುರುಕಾದ ನಡೆ. ೧೯೬೪ರಲ್ಲಿ ಪ್ರಧಾನಿಯಾದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಬ್ಯಾಂಕಿನಿಂದ ಸಾಲ ಪಡೆದು ಕೊಂಡದ್ದು ಫಿಯಟ್ ಕಾರನ್ನೇ. ಮುಂದೆ ಇದೇ ವಾಹನ ಪದ್ಮಿನಿ ಎಂಬ ಹೆಸರನ್ನು ಧರಿಸಿತು. ಮುಂಬಯಿಯ ಟ್ಯಾಕ್ಸಿಗಳ ಸಾಲಿನಿಂದ ಅದು ನಿವೃತ್ತವಾದುದು ೨೦೨೩ರ ಅಕ್ಟೋಬರಿನಲ್ಲಿ.

ಅಂಬಾಸಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ೧,೪೮೯ ಘನ ಸೆಂಟಿಮೀಟರಿನ ಎಂಜಿನು, ಗಟ್ಟಿಯಾದ ಒಡಲು, ಮನೆಮಂದಿಯೆಲ್ಲ ಕುಳಿತರೂ ಸಾಲುವ ವಿಶಾಲವಾದ ಆಸನಗಳು ಇದರ ಬಂಡವಾಳ. ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ೨೦೧೪ರವರೆಗೂ ಇದು ತಯಾರಾಯಿತು. ಆದಕಾರಣ ಬಿಡಿಭಾಗಗಳಿಗಾಗಿ ಅಲೆಯುವ ಕಷ್ಟ ಫಿಯಟ್ಟಿನ ಒಡೆಯನಿಗಿಂತ ಇದರ ಒಡೆಯನಿಗೆ ಕಡಿಮೆ.

ತೀರ್ಥಹಳ್ಳಿಯನ್ನು ದಾಟಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಸುಲಭವಾಗಿ ತಿರುಗುವ ಫಿಯಟ್ಟೇ ಚಾಲಕನಿಗೆ ಪ್ರಿಯ. ಹೊಂಡ ಬಿದ್ದ ಹಳ್ಳಿಯ ದಾರಿಯಲ್ಲಿ ಹಿಂದಿನ ಸೀಟಿನ ಹಿರಿಯರು ಹರಸುವುದು ಅಂಬಾಸಡರನ್ನು. ಆದರೆ ಇವೆರಡಕ್ಕೂ ಮಲೆನಾಡಿನ ಮಳೆ ಸಮಾನ ಶತ್ರು. ಎರಡರಲ್ಲಿಯೂ ತಗಡಿನ ಮೈಯೇ ವಾಹನದ ಎಲುಬು. ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿಲ್ಲ. ಕಾಲಡಿಯ ಹಾಸನ್ನು ಎತ್ತಿ ನೋಡಿದಾಗ ನೆಲದ ತಗಡು ತುಕ್ಕು ತಿಂದಿದ್ದರೆ, ಹೊರಗಿನ ಬಣ್ಣದ ಹೊಳಪಿಗೆ ಮರುಳಾಗಲಾಗದು.

ಕೊಳ್ಳುವವರೂ ಉಳಿಸುವವರೂ ಅರಿಯಬೇಕಾದ ಕಾನೂನೊಂದಿದೆ. ೨೦೨೧ರ ಕೇಂದ್ರ ನಿಯಮದಂತೆ, ಐವತ್ತು ವರ್ಷ ಮೀರಿದ ವಾಹನವು ಮೂಲಸ್ಥಿತಿಯಲ್ಲಿದ್ದರೆ ಅದಕ್ಕೆ 'ವಿಎ' ಅಕ್ಷರಗಳ ವಿಂಟೇಜ್ ನೋಂದಣಿ ದೊರೆಯಬಹುದು. ಇದಕ್ಕೆ ಶುಲ್ಕ ೨೦,೦೦೦ ರೂಪಾಯಿ, ಅವಧಿ ಹತ್ತು ವರ್ಷ. ಚಾಸಿ, ಕವಚ, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಪೆಟ್ರೋಲು ದುಬಾರಿಯೆಂದು ಡೀಸೆಲ್ ಎಂಜಿನನ್ನು ಕೂರಿಸಿಕೊಂಡ ಎಷ್ಟೋ ಹಳೆಯ ಕಾರುಗಳು ಈ ಗೌರವಕ್ಕೆ ಎರವಾಗುವುದು ಇಲ್ಲಿಯೇ. ಮೇಲಾಗಿ, ಹೀಗೆ ನೋಂದಾಯಿಸಿದ ಕಾರನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ದುರಸ್ತಿಗೆ ಒಯ್ಯಬಹುದೇ ಹೊರತು ನಿತ್ಯದ ಸಂತೆಗಲ್ಲ. ಸಂತೆಗೂ ಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ಐದು ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು.

ಹೀಗಿರುವಾಗ ತೀರ್ಪು ಹೇಗೆ? ಹೊಸದಾಗಿ ಕೊಳ್ಳಹೊರಟ ಕೋಣಂದೂರಿನ ಗೃಹಸ್ಥನಿಗೆ, ದುರಸ್ತಿಯ ಸೌಲಭ್ಯವನ್ನು ಗಣಿಸಿದರೆ, ಅಂಬಾಸಡರೇ ಕ್ಷೇಮ. ಆದರೆ ಮೂಲ ಎಂಜಿನು, ಸರಿಯಾದ ಕಾಗದಪತ್ರ, ಒಣಗಿದ ನೆಲ ಇವು ಮೂರೂ ಉಳಿದಿರುವ ಫಿಯಟ್ಟು ಮನೆಯಲ್ಲಿಯೇ ಇದ್ದರೆ, ಅದನ್ನು ತೂಕದ ಲೆಕ್ಕದಲ್ಲಿ ಮಾರುವುದು ಅವಿವೇಕ. ಮೊದಲು ಮಾಡಬೇಕಾದುದು ಕೊಟ್ಟಿಗೆಯ ಸೋರುವ ಹೆಂಚನ್ನು ಬದಲಿಸುವ ಕೆಲಸ.