ದೆವ್ವಕ್ಕೆ ಮಸಿಯೇ ಭೂಷಣವೆ?

ವಿಡಿಯೋ ಆಟಗಳ ದೆವ್ವಗಳಿಗೆ ಬಣ್ಣ ತುಂಬಲು ಕುಳಿತವರಲ್ಲಿ ಬಹುಮಂದಿ ಮೊದಲು ಕೈಯಿಕ್ಕುವುದು ಮಸಿಗೆ. ಮೈಗೆ ಕಪ್ಪು, ಬಾಯಿಗೆ ರಕ್ತ, ಅಂಚಿಗೆಲ್ಲ ನೆರಳು. ಇಷ್ಟಾದರೆ ಭಯಾನಕವು ಸಿದ್ಧಿಸಿತೆಂದು ಅವರ ನಂಬಿಕೆ. ಈ ನಂಬಿಕೆಗೆ ಬುಡವಿಲ್ಲ.

ಜಪಾನಿನ ನಾಮ್ಕೊ ಸಂಸ್ಥೆಯಲ್ಲಿ ತೋರು ಇವಾತಾನಿಯವರು ರೂಪಿಸಿದ, 1980ರಲ್ಲಿ ಹೊರಬಂದ ‘ಪ್ಯಾಕ್-ಮ್ಯಾನ್’ ಆಟವನ್ನು ನೋಡಬೇಕು. ಅದರ ದೆವ್ವಗಳು ನಾಲ್ಕು: ಕೆಂಪು, ನಸುಗೆಂಪು, ತಿಳಿನೀಲಿ, ಕಿತ್ತಳೆ. ಮೈಮೇಲೆ ನೆರಳಿನ ಗೆರೆಯೊಂದಿಲ್ಲ. ಆದರೂ ಒಂದೊಂದು ಬಣ್ಣವೂ ಒಂದೊಂದು ಸ್ವಭಾವದ ಗುರುತು. ಕೆಂಪಿನದು ನೇರವಾಗಿ ಬೆನ್ನಟ್ಟುವುದು, ನಸುಗೆಂಪಿನದು ಆಟಗಾರನ ಮುಂದಾರಿಯನ್ನು ಹೊಂಚುವುದು. ಆಟಗಾರನು ಶಕ್ತಿಗುಳಿಗೆಯನ್ನು ನುಂಗಿದೊಡನೆ ನಾಲ್ಕೂ ಕಡುನೀಲಿಯಾಗಿ ಹಿಂದಿರುಗಿ ಓಡುವುವು. ಅಂಜಿಸುತ್ತಿದ್ದುವೇ ಅಂಜಿದುವು! ಆ ಭೀತಿಯು ತೀರುವ ಮುನ್ನ ಬಿಳಿಯಾಗಿ ಮಿನುಗಿ ಎಚ್ಚರಿಕೆಯನ್ನೂ ಕೊಡುವುವು. ಮಸಿ ಬಳಿಯುವವರಿಗೆ ಈ ಸಂಪತ್ತು ಎಲ್ಲಿಯದು?

ಕಪ್ಪೇ ಕೂಡದೆಂದಲ್ಲ. ಡೆನ್ಮಾರ್ಕಿನಲ್ಲಿ ರಚಿತವಾಗಿ 2010ರಲ್ಲಿ ಬಂದ ‘ಲಿಂಬೊ’ದಲ್ಲಿ ಕಪ್ಪು, ಬಿಳುಪು, ಬೂದಿಗಳಲ್ಲದೆ ಬೇರೆ ಬಣ್ಣವಿಲ್ಲ. ಬಾಲಕನೂ ಅವನನ್ನಟ್ಟುವ ದೈತ್ಯ ಜೇಡವೂ ಬರಿಯ ಕರಿಯಾಕೃತಿಗಳು. ಆದರೆ ಅವುಗಳ ಹಿಂದೆ ಮಂಜಿನಂಥ ಬೆಳಕು ಹಬ್ಬಿದೆ. ಆ ಬೆಳಕಿಲ್ಲದಿದ್ದರೆ ಜೇಡದ ಕಾಲು ಯಾರ ಕಣ್ಣಿಗೆ ಬೀಳುತ್ತಿತ್ತು?

ಬೆಳಕು ಯಾವ ದಿಕ್ಕಿನದೆಂದು ನಿಶ್ಚಯಿಸದೆ ಕೆನ್ನೆ, ಕತ್ತು, ಕೈಗಳಿಗೆಲ್ಲ ಒಂದೇ ಸಮನೆ ನೆರಳು ತಿಕ್ಕುವವರು ಬರೆಯುವುದು ದೆವ್ವವನ್ನಲ್ಲ, ಒಲೆಯೊರಸಿದ ಬಟ್ಟೆಯನ್ನು. (ಅದನ್ನು ಕಂಡು ಹೆದರುವವಳು ಗೃಹಿಣಿಯೊಬ್ಬಳೇ.) ದೀಪವನ್ನು ಗಲ್ಲದ ಕೆಳಗೆ ಹಿಡಿದಂತೆ ಬೆಳಕನ್ನು ಕೆಳಗಿನಿಂದ ಬರಿಸಿ, ನೆರಳನ್ನು ಹುಬ್ಬಿನ ಮೇಲಕ್ಕೆ ಒಯ್ದರೆ ಸಾಧುಮುಖವೂ ವಿಕಾರವಾಗುವುದು. ಅದಕ್ಕೆ ಎರಡು ಬಣ್ಣ ಸಾಕು. ಮಸಿಯ ಕುಡಿಕೆಯನ್ನು ಆಮೇಲೆ ಬೇಕಾದರೆ ತೆರೆಯಲಿ.